ಸೂಪರ್‌ಹೀರೋ ಕವಚದ ಅಚ್ಚು ಕೈಕೊಟ್ಟಾಗ: ಚರ್ಮದ ಗೆರೆಯ ದೋಷ ಹುಡುಕುವ ಕೈಪಿಡಿ

ಎದೆಗವಚವನ್ನು ಅಚ್ಚಿನಿಂದ ಬಿಡಿಸುವಾಗ ಕಣ್ಣಿಗೆ ಬೀಳುವ ದೋಷ ಸಾಮಾನ್ಯವಾಗಿ ಅಂದು ಹುಟ್ಟಿದ್ದಾಗಿರುವುದಿಲ್ಲ. ಮಣ್ಣು ತಿದ್ದುವಾಗಲೋ ಸಿಲಿಕೋನಿನ ಮೊದಲ ಪದರ ಬಳಿಯುವಾಗಲೋ ಅದು ಸೇರಿಕೊಂಡಿರುತ್ತದೆ. ನಮಗೆ ಗೊತ್ತಾಗುವ ಹೊತ್ತಿಗೆ ಎರಡು ವಾರದ ದುಡಿಮೆ ಅದರ ಮೇಲೆ ಕುಳಿತಿರುತ್ತದೆ. ಆದ್ದರಿಂದ ಎರಕದಲ್ಲಿ ಕಂಡದ್ದನ್ನು ಎರಕದಲ್ಲಿಯೇ ತಿದ್ದಲು ಹೊರಡುವ ಮೊದಲು, ಅದು ಯಾವ ಹಂತದ್ದು ಎಂದು ಹಿಂದಕ್ಕೆ ಹುಡುಕುತ್ತಾ ಹೋಗಬೇಕು. ಈ ಕೈಪಿಡಿ ಇರುವುದು ಆ ಹುಡುಕಾಟಕ್ಕೆ.

ಇಲ್ಲಿ ಹೇಳುವುದೆಲ್ಲ ಒಂದು ನಿರ್ದಿಷ್ಟ ಕ್ರಮಕ್ಕೆ ಸೇರಿದ್ದು. ಧರಿಸುವವರ ಅಳತೆಯ ಮೈ ಆಕೃತಿಯ ಮೇಲೆ, ಒಣಗದ ಎಣ್ಣೆ ಮಣ್ಣಿನಿಂದ ಕವಚವನ್ನು ತಿದ್ದುತ್ತೇವೆ. ಅದರ ಮೈಮೇಲೆ ಚರ್ಮದ ಗೆರೆ, ಅಂದರೆ ಹದಮಾಡಿದ ಚರ್ಮದ ಮೈಯಲ್ಲಿ ಕಾಣುವಂಥ ಸಣ್ಣ ಗೆರೆಗಳನ್ನು, ಒತ್ತುತ್ತೇವೆ. ಪ್ಲಾಟಿನಂ ಸಿಲಿಕೋನನ್ನು (ಪ್ಲಾಟಿನಂ ನೆರವಿನಿಂದ ಗಟ್ಟಿಯಾಗುವ ಸಿಲಿಕೋನ್) ಪದರ ಪದರವಾಗಿ ಬಳಿದು ಅಚ್ಚು ತೆಗೆಯುತ್ತೇವೆ, ಅಚ್ಚಿನ ಬೆನ್ನಿಗೆ ಫೈಬರ್‌ಗ್ಲಾಸಿನ ಚಿಪ್ಪು ಕಟ್ಟುತ್ತೇವೆ. ಕೊನೆಗೆ ಆ ಅಚ್ಚಿನಲ್ಲಿ ಬಾಗುವ ಪಾಲಿಯುರೆಥೇನ್ ರಬ್ಬರ್ ಎರೆಯುತ್ತೇವೆ. ಬೆಂಗಳೂರಿನ ಕಾಮಿಕ್ಸ್ ಅಭಿಮಾನಿಗಳ ಮೇಳವಾದ ಕಾಮಿಕ್ ಕಾನ್‌ಗೆಂದು ತಾವೇ ಕಲ್ಪಿಸಿಕೊಂಡ ನಾಯಕನ ವೇಷ ಕಟ್ಟುವ ಹುಡುಗರು ಹುಡುಗಿಯರು ಬಹಳಷ್ಟು ಮಂದಿ ಸ್ಪಂಜಿನಂಥ ಇವಿಎ ಫೋಮ್ ಹಾಳೆಯಲ್ಲಿಯೇ ಕೆಲಸ ಮುಗಿಸುತ್ತಾರೆ. ಅದು ಹಗುರ, ಅಗ್ಗ, ತಪ್ಪೇನೂ ಇಲ್ಲ. ಆದರೆ ಮೈಗೆ ಅಂಟಿ ಉಸಿರಿನೊಂದಿಗೆ ಏರಿಳಿಯುವ ಚರ್ಮದಂಥ ಕವಚ ಬೇಕೆಂದರೆ ಮಣ್ಣು ಮತ್ತು ಅಚ್ಚಿನ ದಾರಿಯನ್ನೇ ಹಿಡಿಯಬೇಕು.

ದೋಷ ಯಾವ ಹಂತದ್ದು?

ಕತ್ತಲಾದ ಮೇಲೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಮೇಲ್ಮೈಗೆ ಬಹುತೇಕ ತಾಗುವಂತೆ ಅಡ್ಡಲಾಗಿ ಹಿಡಿಯಿರಿ. ಹಗಲಿನ ನೇರ ಬೆಳಕಿನಲ್ಲಿ ಕಾಣದ ಉಬ್ಬು, ತಗ್ಗು, ಬೆರಳಚ್ಚು ಎಲ್ಲವೂ ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಎರಕವನ್ನೂ ಅಚ್ಚನ್ನೂ ಪಕ್ಕಪಕ್ಕದಲ್ಲಿಟ್ಟು ಒಂದೇ ಜಾಗವನ್ನು ಎರಡರಲ್ಲಿಯೂ ನೋಡಿ. ಅಚ್ಚಿನಲ್ಲಿ ಎಡಬಲ ಅದಲುಬದಲಾಗಿರುತ್ತದೆ, ಮರೆಯಬೇಡಿ.

ಮೊದಲ ಪ್ರಶ್ನೆ: ಎರಡನೆಯ ಎರಕದಲ್ಲಿಯೂ ದೋಷ ಅದೇ ಜಾಗದಲ್ಲಿದೆಯೇ? ಇದ್ದರೆ ಅದು ಅಚ್ಚಿನದು ಅಥವಾ ಮಣ್ಣಿನದು. ಜಾಗ ಬದಲಾಯಿಸಿದ್ದರೆ ಎರಕ ಹೊಯ್ದ ರೀತಿಯದು. ಎರಡನೆಯ ಪ್ರಶ್ನೆ: ಅದು ಉಬ್ಬೋ ಕುಳಿಯೋ? ಎರಕದ ಮೇಲೆ ಸಾಸಿವೆ ಕಾಳಿನಂತೆ ಗುಂಡು ಉಬ್ಬುಗಳಿದ್ದರೆ, ಸಿಲಿಕೋನ್ ಬಳಿಯುವಾಗ ಮಣ್ಣಿನ ಮೈಗೆ ಗಾಳಿ ಅಂಟಿಕೊಂಡು ಅಚ್ಚಿನಲ್ಲಿ ತೂತು ಉಳಿದಿದೆ ಎಂದು ಅರ್ಥ. ಕುಳಿಗಳಿದ್ದರೆ ಗಾಳಿ ಸಿಕ್ಕಿಕೊಂಡದ್ದು ಎರಕದಲ್ಲಿ. ಈ ಒಂದು ವ್ಯತ್ಯಾಸ ತಿಳಿಯದೆ ಒಳ್ಳೆಯ ಅಚ್ಚುಗಳನ್ನು ಎಸೆದವರನ್ನು ನಾನು ಕಂಡಿದ್ದೇನೆ, ನನಗೆ ಅದು ತುಂಬಾ ಸಂಕಟದ ವಿಷಯ. ಅಚ್ಚಿನ ತೂತಿಗೆ ಮದ್ದು ಸುಲಭ: ಆ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಒಣಗಿಸಿ, ಸೂಜಿಯ ತುದಿಯಿಂದ ಅದೇ ಜಾತಿಯ ಸಿಲಿಕೋನಿನ ಒಂದು ಹನಿ ಇಡಿ. ಸಿಲಿಕೋನಿಗೆ ಸಿಲಿಕೋನ್ ಚೆನ್ನಾಗಿ ಹಿಡಿಯುತ್ತದೆ.

ಅಚ್ಚು ಜಿಗುಟಾಗಿಯೇ ಉಳಿದಿದೆ

ಅತಿ ಹೆಚ್ಚು ಎದೆ ಒಡೆಯುವ ದೋಷ ಇದು. ಡಬ್ಬಿಯ ಮೇಲೆ ಹೇಳಿದ ಹೊತ್ತು ಕಳೆದು ಮರುದಿನವೂ ಸಿಲಿಕೋನ್ ಬೆಲ್ಲದ ಪಾಕದಂತೆ ಬೆರಳಿಗೆ ಹತ್ತುತ್ತದೆ. ಇದಕ್ಕೆ ಮೂರು ಬೇರೆ ಬೇರೆ ಕಾರಣಗಳಿವೆ, ಮೂರೂ ಬೇರೆ ಬೇರೆ ಗುರುತು ಬಿಡುತ್ತವೆ.

ಅಂಚಿನಲ್ಲಿ ಒಂದು ಚೂರು ಕತ್ತರಿಸಿ ನೋಡಿ. ಹೊರಗೂ ಒಳಗೂ ಒಂದೇ ಸಮನೆ ಮೆತ್ತಗಿದ್ದರೆ ಅಳತೆ ತಪ್ಪಿದೆ. ಹಲವು ಸಿಲಿಕೋನ್‌ಗಳಿಗೆ ನೂರು ಭಾಗಕ್ಕೆ ಹತ್ತು ಭಾಗ ಗಟ್ಟಿಕಾರಕವನ್ನು ತೂಕದಲ್ಲಿ ಬೆರೆಸಬೇಕು. 50 ಗ್ರಾಂ ಕಲಸುವಾಗ ಬೇಕಾದದ್ದು 5 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ 1 ಗ್ರಾಂ ಆಚೀಚೆಯಾದರೆ ಅದು ಶೇಕಡಾ 20ರ ತಪ್ಪು. ಚಿನ್ನ ತೂಗುವ ಮಾದರಿಯ ಸಣ್ಣ ಡಿಜಿಟಲ್ ತಕ್ಕಡಿ ಕೊಳ್ಳುವುದು ದುಂದಲ್ಲ.

ಗಟ್ಟಿಯಾದ ಭಾಗದ ನಡುವೆ ಎಳೆ ಎಳೆಯಾಗಿ, ಸುಳಿಸುಳಿಯಾಗಿ ಜಿಗುಟಿದ್ದರೆ ಕಲಸಿದ್ದು ಸಾಲದು. ಲೋಟದ ಗೋಡೆಗೆ, ತಳದ ಮೂಲೆಗೆ ಅಂಟಿದ ಸಿಲಿಕೋನ್ ಬೆರೆಯದೆ ಉಳಿದು ಹೊಯ್ಯುವಾಗ ಕೊನೆಗೆ ಇಳಿದು ಬಂದಿರುತ್ತದೆ. ಕಲಸಿದ್ದನ್ನು ಇನ್ನೊಂದು ಲೋಟಕ್ಕೆ ಸುರಿದು ಮತ್ತೊಮ್ಮೆ ಕಲಸಿದರೆ ಈ ತೊಂದರೆ ಇರುವುದಿಲ್ಲ.

ಮೂರನೆಯದು ಮೋಸಗಾರ. ಬೆನ್ನು ಗಟ್ಟಿಯಾಗಿದೆ, ಒಳಗೂ ಗಟ್ಟಿಯಾಗಿದೆ, ಮಣ್ಣಿಗೆ ತಾಗಿದ್ದ ಮೈ ಮಾತ್ರ ತೆಳುವಾಗಿ ಲೋಳೆಲೋಳೆಯಾಗಿದೆ. ಅಳತೆ ಸರಿ, ಕಲಸಿದ್ದೂ ಸರಿ. ಮಣ್ಣಿನ ಮೈಮೇಲಿದ್ದ ಯಾವುದೋ ವಸ್ತು ಪ್ಲಾಟಿನಂ ಕೆಲಸ ಮಾಡದಂತೆ ತಡೆದಿದೆ. ಮೊದಲ ಆರೋಪಿ ಗಂಧಕ. ಗಂಧಕ ಬೆರೆತ ಶಿಲ್ಪಿಮಣ್ಣು, ರಬ್ಬರ್ ಹಾಲಿನಿಂದ ಮಾಡಿದ ಕೈಗವಸು, ಇವುಗಳ ಸೋಂಕು ತಾಗಿದರೂ ಸಾಕು. ತವರದ ಕ್ಯಾಟಲಿಸ್ಟ್ ಇರುವ ಸಿಲಿಕೋನ್, ಪೂರ್ತಿ ಒಣಗದ ಸ್ಪ್ರೇ ಬಣ್ಣ, ಸರಿಯಾಗಿ ಬೆಳಕು ಕಾಣಿಸದ ಥ್ರೀಡಿ ಪ್ರಿಂಟರಿನ ರೆಸಿನ್ ಕೂಡ ಇದನ್ನೇ ಮಾಡುತ್ತವೆ.

ನನಗೆ ಆದದ್ದನ್ನು ಹೇಳುತ್ತೇನೆ. ಗಂಧಕವಿಲ್ಲದ ಮಣ್ಣನ್ನೇ ತಂದಿದ್ದೆ, ರಬ್ಬರ್ ಹಾಲಿಲ್ಲದ ನೈಟ್ರೈಲ್ ಕೈಗವಸನ್ನೇ ಹಾಕಿದ್ದೆ. ಆದರೂ ಕವಚದ ಭುಜಗಳ ಮೇಲೆ ಅಚ್ಚು ಅಂಟಾಗಿಯೇ ಉಳಿಯಿತು, ಹೊಟ್ಟೆಯ ಭಾಗ ಮಾತ್ರ ಗಾಜಿನಂತೆ ಸ್ವಚ್ಛವಾಗಿ ಬಂತು. ಎರಡೂ ಒಂದೇ ಲೋಟದ ಸಿಲಿಕೋನ್. ಮಾರ್ಕರ್ ಹಿಡಿದು, ಬೆರಳಿಗೆ ಹತ್ತುವ ಜಾಗದ ಅಂಚನ್ನು ಅಚ್ಚಿನ ಮೇಲೆ ಗೆರೆ ಎಳೆಯುತ್ತಾ ಹೋದೆ. ಮೂಡಿದ ಆಕಾರ ನನಗೆ ಪರಿಚಿತ: ಒಂದು ಕಡೆ ಚೂಪು, ಇನ್ನೊಂದು ಕಡೆ ಅಲೆಯಂಥ ಅಂಚು. ಚರ್ಮದ ಗೆರೆ ಒತ್ತಲು ಸುಳ್ಯದ ಕಡೆಯಿಂದ ತರಿಸಿದ ರಬ್ಬರ್ ಹಾಲನ್ನು ಹಳೆಯ ಚರ್ಮದ ಚೀಲದ ಮೇಲೆ ಬಳಿದು ನಾನೇ ಮಾಡಿದ್ದ ಮುದ್ರೆಯ ಅಂಚು ಅದು. ಮುದ್ರೆಯನ್ನು ಅಲ್ಲಿಟ್ಟು ನೋಡಿದೆ, ಗೆರೆಗೆ ಗೆರೆ ಕೂಡಿತು. ವಲ್ಕನೈಸ್ ಮಾಡಲು, ಅಂದರೆ ರಬ್ಬರನ್ನು ಗಟ್ಟಿಗೊಳಿಸಲು, ಆ ಹಾಲಿಗೆ ಬೆರೆಸಿದ್ದ ಗಂಧಕ, ಮುದ್ರೆಯೊತ್ತಿದಲ್ಲೆಲ್ಲ ಮಣ್ಣಿಗೆ ಇಳಿದಿತ್ತು. ಹೊಟ್ಟೆಯ ಭಾಗಕ್ಕೆ ನಾನು ಮುದ್ರೆ ಒತ್ತಿರಲೇ ಇಲ್ಲ.

ಇಂಥ ಅಚ್ಚು ಉಳಿಯುವುದಿಲ್ಲ, ಬಿಸಿಲಿಗಿಟ್ಟರೂ ಕಾದರೂ ಆ ಲೋಳೆ ಗಟ್ಟಿಯಾಗುವುದಿಲ್ಲ. ಆದರೆ ಶಿಲ್ಪ ಉಳಿಯುತ್ತದೆ. ಲೋಳೆಯನ್ನು ಬಟ್ಟೆಯಿಂದ ಒರೆಸಿ ತೆಗೆದು, ಸೋಂಕಿನ ಜಾಗದ ಮಣ್ಣನ್ನು ಎರಡು ಮೂರು ಮಿಲಿಮೀಟರ್ ಕೆರೆದು ಎಸೆದು, ಹೊಸ ಮಣ್ಣು ತುಂಬಿ, ಪ್ಲಾಟಿನಂ ಸಿಲಿಕೋನಿನಿಂದಲೇ ಮಾಡಿದ ಮುದ್ರೆಯಿಂದ ಮತ್ತೆ ಗೆರೆ ಒತ್ತಬೇಕು. ಅಷ್ಟು ಕೆಲಸಕ್ಕೆ ಸಮಯವಿಲ್ಲದಿದ್ದರೆ ತವರದ ಸಿಲಿಕೋನಿಗೆ ಬದಲಾಯಿಸಿ. ಅದಕ್ಕೆ ಗಂಧಕದ ಭಯವಿಲ್ಲ. ಆದರೆ ಆ ಅಚ್ಚು ಕಾಲ ಕಳೆದಂತೆ ಸ್ವಲ್ಪ ಕುಗ್ಗುತ್ತದೆ, ಬಾಳಿಕೆಯೂ ಕಡಿಮೆ. ಯಾವುದಕ್ಕೂ ಮೊದಲು, ಶಿಲ್ಪದ ಹಿಂಬದಿಯಲ್ಲಿ ನಾಣ್ಯದಷ್ಟು ಜಾಗದಲ್ಲಿ ನೀವು ಬಳಸಿದ ಮುದ್ರೆ, ಪುಡಿ, ಮೆರುಗು ಎಲ್ಲವನ್ನೂ ಅದೇ ಕ್ರಮದಲ್ಲಿ ಹಚ್ಚಿ 10 ಗ್ರಾಂ ಸಿಲಿಕೋನ್ ಇಟ್ಟು ಒಂದು ರಾತ್ರಿ ಕಾಯಿರಿ. ಕಿಲೋಗಟ್ಟಲೆ ಸಿಲಿಕೋನ್ ಹೊಯ್ಯುವ ಮುನ್ನ ಆ ಒಂದು ರಾತ್ರಿಯನ್ನು ನಾನೀಗ ಬಿಡುವುದೇ ಇಲ್ಲ.

ಬಿಸಿಲಿನ ಊರಿನವರಿಗೆ ಇನ್ನೊಂದು ಮಾತು. ಡಬ್ಬಿಯ ಮೇಲಿನ ಸಮಯ ಸಾಮಾನ್ಯವಾಗಿ 23 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕಿದ್ದು. ಕಲಬುರಗಿಯ ಮೇ ತಿಂಗಳಿನಲ್ಲಿ ಅದೇ ಸಿಲಿಕೋನ್ ಕುಂಚದಲ್ಲಿಯೇ ಹೆಪ್ಪುಗಟ್ಟುತ್ತದೆ. ಅರ್ಧ ಗಟ್ಟಿಯಾದದ್ದನ್ನು ಎಳೆದು ಬಳಿದರೆ ಗೆರೆಯೊಳಗೆ ಇಳಿಯದೆ ಮೇಲೆ ಮೇಲೆ ಕೂರುತ್ತದೆ. ನಸುಕಿನಲ್ಲಿ ಕೆಲಸ ಮಾಡಿ, ಕಡಿಮೆ ಕಲಸಿ.

ಗೆರೆ ಇದೆ, ಚರ್ಮದಂತೆ ಕಾಣುತ್ತಿಲ್ಲ

ಇದಕ್ಕೆ ಅಚ್ಚನ್ನು ದೂರುವ ಮೊದಲು ಒಂದು ನಿಜವಾದ ಚರ್ಮದ ವಸ್ತುವನ್ನು ಕೈಗೆತ್ತಿಕೊಂಡು ಹತ್ತು ನಿಮಿಷ ನೋಡಿ. ಹಳೆಯ ಚಪ್ಪಲಿ, ಕ್ರಿಕೆಟ್ ಕೀಪರಿನ ಗ್ಲೌಸ್, ಏನಾದರೂ ಸರಿ. ಗೆರೆ ಎಲ್ಲ ಕಡೆ ಒಂದೇ ಸಮನೆ ಇರುವುದಿಲ್ಲ. ಬೆನ್ನಿನ ಭಾಗದ ಚರ್ಮದಲ್ಲಿ ಗೆರೆ ಸಣ್ಣದು, ಬಿಗಿ. ಹೊಟ್ಟೆಯ ಭಾಗದಲ್ಲಿ ಸಡಿಲ, ದೊಡ್ಡದು. ಎಳೆದು ಕಟ್ಟಿದಲ್ಲಿ ಗೆರೆಗಳು ಎಳೆದ ದಿಕ್ಕಿಗೆ ಉದ್ದವಾಗುತ್ತವೆ. ಮಡಿಯುವ ಕಡೆ ಸಣ್ಣ ಗೆರೆಗಳ ಮೇಲೆ ದೊಡ್ಡ ಸುಕ್ಕು ಅಡ್ಡಬೀಳುತ್ತದೆ. ರೆಕ್ಸಿನ್‌ಗೆ ಇದೊಂದೂ ಇಲ್ಲ. ಅದರ ಗೆರೆ ಉರುಳೆಯಿಂದ ಒತ್ತಿದ್ದು, ಒಂದಿಷ್ಟು ಅಂತರಕ್ಕೆ ಮತ್ತೆ ಮತ್ತೆ ಬರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಸೀಟ್ ಕವರ್ ಅಂಗಡಿಯಿಂದ ತಂದ ರೆಕ್ಸಿನ್ ತುಂಡಿನಿಂದ ಒಂದೇ ದೊಡ್ಡ ಮುದ್ರೆ ಮಾಡಿ ಇಡೀ ಎದೆಗೆ ಒತ್ತಿದರೆ, ಕವಚ ಸೋಫಾದಂತೆ ಕಾಣುತ್ತದೆ. ನೋಡುವವರಿಗೆ ಏಕೆ ಎಂದು ಹೇಳಲು ಬಾರದಿದ್ದರೂ ಕಣ್ಣು ಅದನ್ನು ಹಿಡಿಯುತ್ತದೆ.

ಆದ್ದರಿಂದ ಮುದ್ರೆಗಳು ನಾಲ್ಕೈದು ಇರಲಿ, ಅಂಗೈಗಿಂತ ಚಿಕ್ಕದಿರಲಿ, ಅಂಚು ನೇರವಾಗಿರದೆ ಹರಿದ ರೊಟ್ಟಿಯಂತಿದ್ದು ತುದಿಗೆ ತೆಳುವಾಗುತ್ತಾ ಹೋಗಲಿ. ದಪ್ಪ ಅಂಚಿನ ಮುದ್ರೆ ಪ್ರತಿ ಸಲವೂ ಮಣ್ಣಿನಲ್ಲಿ ತನ್ನ ಹೊರಗೆರೆಯನ್ನೇ ಮೂಡಿಸುತ್ತದೆ. ಮಣ್ಣನ್ನು ಹೇರ್ ಡ್ರೈಯರಿನಿಂದ ನಸುಬೆಚ್ಚಗೆ ಮಾಡಿ, ಟಾಲ್ಕಂ ಪುಡಿಯನ್ನು ಕುಂಚದಿಂದ ತೆಳುವಾಗಿ ಸವರಿ, ಮುದ್ರೆಯನ್ನು ಪ್ರತಿ ಬಾರಿ ತಿರುಗಿಸಿ ಒತ್ತಿ. ಒಂದರ ಅಂಚು ಇನ್ನೊಂದರ ಮೇಲೆ ಬರಲಿ. ಕಿತ್ತಳೆ ಸಿಪ್ಪೆಯ ಹೊರಮೈ ಕೂಡ ಒಳ್ಳೆಯ ಮೂಲ. ಅದರ ಮೇಲೆ ಸಿಲಿಕೋನ್ ಬಳಿದರೆ ರಂಧ್ರಗಳಿರುವ ಚರ್ಮದ ಮುದ್ರೆ ಸಿಗುತ್ತದೆ, ಮುದ್ರೆಗಳ ನಡುವಿನ ಸಂದುಗಳನ್ನು ಮರೆಸಲು ಅದು ತಕ್ಕದ್ದು. ಇಷ್ಟಾದ ಮೇಲೆ ಮಡಿಕೆಯ ದೊಡ್ಡ ಸುಕ್ಕುಗಳನ್ನು ಕೈಯಿಂದಲೇ ಕೊರೆಯಬೇಕು. ಅದಕ್ಕೆ ಯಾವ ಮುದ್ರೆಯೂ ಇಲ್ಲ. ಧರಿಸುವವರನ್ನು ಎದುರು ನಿಲ್ಲಿಸಿ, ಕೈ ಎತ್ತಿಸಿ, ಬಗ್ಗಿಸಿ, ಬಟ್ಟೆ ಎಲ್ಲಿ ಮಡಿಯುತ್ತದೆ ಎಂದು ನೋಡಿಕೊಂಡು ಕೊರೆಯಿರಿ.

ಇನ್ನು, ಮಣ್ಣಿನಲ್ಲಿ ಚೆನ್ನಾಗಿದ್ದ ಗೆರೆ ಎರಕದಲ್ಲಿ ಮಂಕಾಗಿದ್ದರೆ? ಅಚ್ಚಿನ ಒಳಮೈಯನ್ನು ಟಾರ್ಚಿನಲ್ಲಿ ನೋಡಿ. ಅಚ್ಚಿನಲ್ಲಿಯೂ ಮಂಕೇ ಆಗಿದ್ದರೆ, ಅಚ್ಚು ತೆಗೆಯುವ ಮುನ್ನ ನೀವು ಹಚ್ಚಿದ ಮೆರುಗೋ ಬಿಡಿಸುವ ಎಣ್ಣೆಯೋ ಗೆರೆಗಳನ್ನು ತುಂಬಿದೆ. ಪೆಟ್ರೋಲಿಯಂ ಜೆಲ್ಲಿ ಈ ಕೆಲಸಕ್ಕೆ ಬೇಡವೇ ಬೇಡ. ಇಲ್ಲವೇ ಸಿಲಿಕೋನಿನ ಮೊದಲ ಪದರಕ್ಕೇ ಮಂದಕಾರಕ ಬೆರೆಸಿದ್ದೀರಿ. ಮೊದಲ ಪದರ ತೆಳ್ಳಗೆ ಹರಿಯುವಂತಿರಬೇಕು, ಮಂದ ಮಾಡುವುದು ಎರಡನೆಯದರಿಂದ. ಮೃದು ಕುಂಚದಿಂದ ಗೆರೆಗಳೊಳಗೆ ತಳ್ಳುತ್ತಾ ಬಳಿದು, ಕಂಡ ಗುಳ್ಳೆಯನ್ನೆಲ್ಲ ಊದಿ ಒಡೆದು, ಅದು ಇನ್ನೂ ಬೆರಳಿಗೆ ಹತ್ತುವ ಹದದಲ್ಲಿದ್ದಾಗ ಮುಂದಿನ ಪದರ ಹಚ್ಚಬೇಕು. ನಾಲ್ಕು ಪದರಗಳಾಗಿ ಒಟ್ಟು ಸುಮಾರು ಒಂದು ಸೆಂಟಿಮೀಟರ್ ದಪ್ಪ ಬಂದರೆ ಎದೆಗವಚಕ್ಕೆ ಸಾಕು. ಅಚ್ಚಿನಲ್ಲಿ ಗೆರೆ ಚೂಪಾಗಿದ್ದು ಎರಕದಲ್ಲಿ ಮಾತ್ರ ಮಂಕಾಗಿದ್ದರೆ, ಎರಕ ಅಚ್ಚಿಗೆ ಅಂಟದಿರಲೆಂದು ಮುನ್ನ ಸಿಂಪಡಿಸಿದ ಬಿಡುಗಡೆ ದ್ರವ ಹೆಚ್ಚಾಗಿ ತಗ್ಗಿನಲ್ಲಿ ನಿಂತಿದೆ. ಸಿಂಪಡಿಸಿ, ಒಣ ಕುಂಚದಿಂದ ಹರಡಿ, ಮತ್ತೆ ತೆಳುವಾಗಿ ಸಿಂಪಡಿಸಿ.

ಎರಕದಲ್ಲಿ ಗುಳ್ಳೆ

ಗುಳ್ಳೆಯ ಹಂಚಿಕೆಯೇ ಕಾರಣವನ್ನು ಹೇಳುತ್ತದೆ. ಭುಜದ ತುದಿ, ಮುಖವಾಡದ ಕಿವಿ, ಗಲ್ಲ, ಹೀಗೆ ಎರಕ ಹೊಯ್ಯುವಾಗ ಎತ್ತರದಲ್ಲಿರುವ ಜಾಗಗಳಲ್ಲಿ ದೊಡ್ಡ ದೊಡ್ಡ ಕುಳಿಗಳಿದ್ದರೆ ಗಾಳಿಗೆ ಹೊರಹೋಗಲು ದಾರಿ ಇರಲಿಲ್ಲ. ಅಲ್ಲಿಂದ ಒಂದು ಸಣ್ಣ ಗಾಳಿಕಂಡಿ ಕೊರೆಯಿರಿ, ಅಥವಾ ಮೊದಲ ಪದರವನ್ನು ಕುಂಚದಿಂದ ಬಳಿದು ನಂತರ ಉಳಿದದ್ದನ್ನು ಹೊಯ್ಯಿರಿ. ಹೊಯ್ಯುವಾಗ ಎತ್ತರದಿಂದ, ನೂಲಿನಂತೆ, ಒಂದೇ ಮೂಲೆಯಲ್ಲಿ ಬೀಳಿಸಿ.

ಇಡೀ ಮೈಯಲ್ಲಿ ದೋಸೆಯ ತೂತುಗಳಂತೆ ಸಮನಾಗಿ ಗುಳ್ಳೆಗಳೆದ್ದಿದ್ದರೆ ಕಾರಣ ಗಾಳಿಯಲ್ಲ, ನೀರು. ಪಾಲಿಯುರೆಥೇನಿನ ಒಂದು ಭಾಗದಲ್ಲಿರುವ ಐಸೊಸಯನೇಟ್ ತೇವ ತಾಗಿದರೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಫೋಮ್ ಹಾಸಿಗೆಯನ್ನು ಉಬ್ಬಿಸುವುದೂ ಇದೇ ಕ್ರಿಯೆ. ಕರಾವಳಿಯ ಜುಲೈ ತಿಂಗಳಿನಲ್ಲಿ ಈ ದೋಷ ಬಾರದಿದ್ದರೇ ಆಶ್ಚರ್ಯ. ತೇವ ಎಲ್ಲಿಂದ ಬಂತೆಂದು ಒಂದೊಂದಾಗಿ ನೋಡಿ: ಮುಚ್ಚಳ ತೆಗೆದು ಒಂದು ತಿಂಗಳಾದ ಡಬ್ಬಿಯೇ? ಕಾಗದದ ಲೋಟ, ಐಸ್‌ಕ್ರೀಮಿನ ಮರದ ಕಡ್ಡಿಯೇ? ಕಾಗದವೂ ಮರವೂ ತೇವ ಹಿಡಿದಿಡುತ್ತವೆ, ಪ್ಲಾಸ್ಟಿಕ್ ಲೋಟ ಮತ್ತು ಸ್ಟೀಲ್ ಚಮಚ ಬಳಸಿ. ಕಪ್ಪು ಬಣ್ಣಕ್ಕೆ ಅಕ್ರಿಲಿಕ್ ಅಥವಾ ಪೋಸ್ಟರ್ ಬಣ್ಣ ಬೆರೆಸಿದಿರಾ? ಅವುಗಳಲ್ಲಿರುವುದೇ ನೀರು. ಯುರೆಥೇನಿಗೆಂದೇ ಇರುವ ವರ್ಣದ್ರವ್ಯ ಬೇಕು. ಅಚ್ಚನ್ನು ತೊಳೆದು ನೇರವಾಗಿ ಹೊಯ್ದಿರಾ? ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ, ತಣಿಸಿ, ಆಮೇಲೆ ಹೊಯ್ಯಿರಿ.

ಪಾಲಿಯುರೆಥೇನ್ ದ್ರವದ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಒಮ್ಮೆ ಅಲರ್ಜಿ ಹತ್ತಿದರೆ ಮತ್ತೆ ಈ ಕೆಲಸದ ಹತ್ತಿರವೇ ಸುಳಿಯುವಂತಿಲ್ಲ. ಬಟ್ಟೆಯ ಮಾಸ್ಕ್ ಪ್ರಯೋಜನಕ್ಕಿಲ್ಲ. ಸಾವಯವ ಆವಿಗೆಂದು ಇರುವ ಕಾರ್ಟ್ರಿಜ್ ಮಾಸ್ಕ್ ಹಾಕಿ, ಬಾಗಿಲು ಕಿಟಕಿ ತೆರೆದಿಟ್ಟು ಕೆಲಸ ಮಾಡಿ. ಚಿಪ್ಪಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್‌ನ ವಿಷಯದಲ್ಲಿಯೂ ಒಂದು ಎಚ್ಚರ ಬೇಕು. ಅದರ ಗಟ್ಟಿಕಾರಕ ಮತ್ತು ಕ್ರಿಯೆಯನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರವ ಎರಡನ್ನೂ ಎಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು, ಬೆಂಕಿ ಹೊತ್ತಿಕೊಳ್ಳುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಪೂರ್ತಿ ಕಲಸಿ, ಆಮೇಲೆ ಗಟ್ಟಿಕಾರಕ.

ಎರಕ ಸೊಟ್ಟಗಾಗಿದೆ

ಒಂದು ಭುಜ ತಗ್ಗಿ, ಎದೆಯ ನಡುಗೆರೆ ವಾಲಿದ್ದರೆ ಸಿಲಿಕೋನ್ ತನ್ನ ಚಿಪ್ಪಿನಲ್ಲಿ ಸರಿಯಾಗಿ ಕುಳಿತಿಲ್ಲ. ಅಚ್ಚನ್ನು ಚಿಪ್ಪಿನೊಳಗಿಟ್ಟು ಒಳಗಿನಿಂದ ಬೆರಳಿನಿಂದ ತಟ್ಟುತ್ತಾ ಹೋಗಿ. ಮಾಗಿದ ಕಲ್ಲಂಗಡಿಯನ್ನು ತಟ್ಟಿದಂತೆ ಟೊಳ್ಳು ಸದ್ದು ಬಂದಲ್ಲಿ ಸಿಲಿಕೋನ್ ಚಿಪ್ಪಿನಿಂದ ಎದ್ದು ನಿಂತಿದೆ. ಹಾಗಾಗುವುದು ಸಿಲಿಕೋನಿನ ಬೆನ್ನಿಗೆ ಕಚ್ಚುಗುಬ್ಬಿಗಳನ್ನು (ಚಿಪ್ಪಿನಲ್ಲಿ ಕಚ್ಚಿ ಕೂರುವ ಸಣ್ಣ ಉಬ್ಬುಗಳು) ಕೂರಿಸದಿದ್ದಾಗ, ಅಥವಾ ಚಿಪ್ಪನ್ನು ಪೂರ್ತಿ ಗಟ್ಟಿಯಾಗುವ ಮೊದಲೇ ಕಿತ್ತಾಗ. ಗುಬ್ಬಿಗಳಿದ್ದೂ ಎದ್ದಿದ್ದರೆ ಅವುಗಳ ಸುತ್ತ ಸಿಕ್ಕಿದ ಕಸ, ಹಳೆಯ ರಬ್ಬರ್ ಚೂರು ನೋಡಿ. ನನ್ನ ಅನುಭವದಲ್ಲಿ ಅರ್ಧದಷ್ಟು ಸಲ ಇಷ್ಟೇ ಇರುತ್ತದೆ.

ಅಚ್ಚಿನ ಎರಡು ಭಾಗ ಕೂಡುವ ಗೆರೆ ಎದೆಯ ನಡುವೆ ಎದ್ದು ಕಾಣುತ್ತಿದ್ದರೆ ಅದನ್ನು ಬ್ಲೇಡಿನಿಂದ ಕೆತ್ತಿ, ಸ್ವಲ್ಪ ಯುರೆಥೇನ್ ಹಚ್ಚಿ, ಬಿಡುಗಡೆ ದ್ರವ ಸವರಿದ ಮುದ್ರೆಯನ್ನು ಒತ್ತಿ ಹಿಡಿದು ಮರೆಸಬಹುದು. ಮುಂದಿನ ಕವಚದಲ್ಲಿ ಆ ಗೆರೆಯನ್ನು ಪಕ್ಕೆಯ ಹೊಲಿಗೆಯ ಗುಂಟ, ಪಟ್ಟಿಯ ಅಂಚಿನ ಗುಂಟ ಒಯ್ಯಿರಿ. ಅಲ್ಲಿ ಗೆರೆ ಇದ್ದರೂ ಹೊಲಿಗೆಯೆಂದೇ ಕಾಣುತ್ತದೆ.

ಕಂಕುಳಲ್ಲಿ ಹರಿಯುತ್ತಿದೆ

ಹರಿದ ಜಾಗವನ್ನು ಮಡಿಸಿ, ಹರಿದದ್ದು ಎಲ್ಲಿ ಆರಂಭವಾಗಿದೆ ಎಂದು ಹುಡುಕಿ. ಸುಕ್ಕಿನ ತಳದಿಂದಲೇ ಹೊರಟಿದ್ದರೆ, ಆ ಸುಕ್ಕನ್ನು ನೀವು ಚಾಕುವಿನಂಥ ಸಾಧನದಿಂದ ಚೂಪಾಗಿ ಕೊರೆದಿದ್ದೀರಿ. ಎಳೆತವೆಲ್ಲ ಆ ಚೂಪು ತಳದಲ್ಲಿ ಬಂದು ನಿಲ್ಲುತ್ತದೆ. ತಳ ದುಂಡಗಿರಬೇಕು: ಕೊರೆದ ಮೇಲೆ ಗುಂಡು ತುದಿಯ ತಂತಿಯನ್ನು ಒಮ್ಮೆ ಎಳೆದು, ಟರ್ಪೆಂಟೈನ್ ಮುಟ್ಟಿಸಿದ ಕುಂಚದಿಂದ ಹಗುರಾಗಿ ಸವರಿದರೆ ಸಾಕು, ನೋಟಕ್ಕೆ ಗೆರೆ ಅಷ್ಟೇ ಆಳವಾಗಿ ಉಳಿಯುತ್ತದೆ. ಹರಿದದ್ದು ಕವಚದ ಅಂಚಿನಿಂದ ಹೊರಟಿದ್ದರೆ ಅಂಚು ತೆಳುವಾಯಿತು. ಎರಡಕ್ಕೂ ಸೇರಿ ಒಂದು ಮದ್ದಿದೆ. ಮೊದಲ ಪದರ ಯುರೆಥೇನ್ ಬಳಿದು ಅದು ಅಂಟಿನ ಹದದಲ್ಲಿದ್ದಾಗ, ಕಂಕುಳು ಮತ್ತು ಕುತ್ತಿಗೆಯ ಭಾಗಕ್ಕೆ ಎಳೆದರೆ ಹಿಗ್ಗುವ ಬಲೆಬಟ್ಟೆಯನ್ನು ಕೂರಿಸಿ, ಅದರ ಮೇಲೆ ಉಳಿದದ್ದನ್ನು ಬಳಿಯಿರಿ. ಬಟ್ಟೆಯ ಹಿಗ್ಗುವ ದಿಕ್ಕು ಕೈ ಎತ್ತುವಾಗ ಎಳೆಯುವ ದಿಕ್ಕೇ ಆಗಿರಲಿ.

ಬಣ್ಣ ಏಳುತ್ತಿದೆ

ಎದ್ದ ಬಣ್ಣದ ಸಿಪ್ಪೆಯನ್ನು ತಿರುವಿ ಹಿಂಬದಿ ನೋಡಿ. ಜಾರುವಂತೆ ಹೊಳೆಯುತ್ತಿದ್ದರೆ ಬಿಡುಗಡೆ ದ್ರವ ತೊಳೆದು ಹೋಗಿರಲಿಲ್ಲ. ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿ, ಒಣಗಿಸಿ, ಆಲ್ಕೊಹಾಲಿನಿಂದ ಒರೆಸಿ, ಮತ್ತೆ ಬಳಿಯಿರಿ. ಸಿಪ್ಪೆ ಏಳದೆ ಮಡಿಕೆಯಲ್ಲಿ ಮಾತ್ರ ಬಿರುಕು ಬಿಟ್ಟಿದ್ದರೆ ಬಣ್ಣಕ್ಕೆ ಬಾಗುವ ಗುಣವಿಲ್ಲ, ಯುರೆಥೇನ್ ಆಧಾರದ ಬಣ್ಣಕ್ಕೆ ಹೋಗಿ. ಎರಕವೇ ಸಿಲಿಕೋನಿನದ್ದಾಗಿದ್ದರೆ ಅದಕ್ಕೆ ಸಿಲಿಕೋನಿನಲ್ಲಿ ಕಲಸಿದ ವರ್ಣದ್ರವ್ಯವೊಂದೇ ಹಿಡಿಯುತ್ತದೆ.

ಬಣ್ಣ ಗಟ್ಟಿಯಾಗಿ ನಿಂತಿದ್ದೂ ಕವಚ ಪ್ಲಾಸ್ಟಿಕ್ಕಿನಂತೆ ಕಂಡರೆ ಹೊಳಪು ಎಲ್ಲ ಕಡೆ ಒಂದೇ ಆಗಿದೆ. ಮೊದಲು ಇಡೀ ಕವಚಕ್ಕೆ ಮಂಕು ಮೆರುಗು ಹೊಡೆಯಿರಿ. ನಂತರ ಧರಿಸುವವರಿಗೆ ಅದನ್ನು ತೊಡಿಸಿ, ಅವರ ಕೈ ತಾನಾಗಿ ಎಲ್ಲೆಲ್ಲಿ ತಾಗುತ್ತದೆ ಎಂದು ನೋಡಿ: ಪಟ್ಟಿಯ ಅಂಚು, ಪಕ್ಕೆಗಳು, ಭುಜದ ಏರು. ಆ ಜಾಗಗಳಿಗೆ ಮಾತ್ರ ನುಣುಪು ಮೆರುಗನ್ನು ಬೆರಳಿನಿಂದ ಉಜ್ಜಿ ಹಚ್ಚಿ, ಟಾರ್ಚನ್ನು ಮತ್ತೆ ಅಡ್ಡ ಹಿಡಿದು ನೋಡಿ.